ಭರವಸೆ ಇಟ್ಟುಕೊಂಡವರು ಏನು ಮಾಡುತ್ತಾರೆ? ರಾಜಕೀಯ ಬದಲಾವಣೆಯ ಬಗ್ಗೆ ಯೋಚಿಸಿದವರು ಭಾವನೆಗಳನ್ನು ನೋಡಿದ ರೀತಿ

ಇಬ್ಬರು ಇದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಒಂದು ಕಾನೂನು ತೀರಾ ಅನ್ಯಾಯದ್ದು ಅನ್ನಿಸಿದೆ. ಅದು ಹೋಗಬೇಕು ಎಂಬ ಆಸೆ ಇಬ್ಬರಿಗೂ ಒಂದೇ ಸಮ ಇದೆ. ಹೋಗುತ್ತದಾ ಎಂದು ಕೇಳಿದರೆ ಇಬ್ಬರೂ "ನೂರರಲ್ಲಿ ಐದು ಪಾಲು ಸಾಧ್ಯತೆ ಇರಬಹುದು, ಅಷ್ಟೇ" ಎನ್ನುತ್ತಾರೆ. ಆದರೆ ಒಬ್ಬರು ಸಂಜೆ ಸಭೆಗೆ ಹೋಗುತ್ತಾರೆ. ಇನ್ನೊಬ್ಬರು ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂರುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು?

ತತ್ವಶಾಸ್ತ್ರದಲ್ಲಿ ಭರವಸೆಗೆ ಒಂದು ಹಳೆಯ, ಸರಳ ವಿವರಣೆ ಇದೆ. ಏನೋ ಒಂದು ಬೇಕು ಎಂಬ ಆಸೆ, ಅದು ಸಿಗಬಹುದು ಎಂಬ ನಂಬಿಕೆ, ಇವೆರಡು ಸೇರಿದರೆ ಭರವಸೆ. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ. ಕೇಳಲು ಸರಿಯಾಗಿಯೇ ಇದೆ. ಆದರೆ ನಮ್ಮ ಈ ಇಬ್ಬರ ವಿಷಯಕ್ಕೆ ಬಂದಾಗ ಅದು ಕೈಕೊಡುತ್ತದೆ. ಆಸೆ ಅಷ್ಟೇ, ನಂಬಿಕೆಯೂ ಅಷ್ಟೇ, ಆದರೂ ಒಬ್ಬರಲ್ಲಿ ಭರವಸೆ ಇದೆ, ಇನ್ನೊಬ್ಬರಲ್ಲಿ ಹತಾಶೆ. ಹಾಗಾದರೆ ಮೂರನೆಯದು ಏನೋ ಇರಬೇಕು ಅಲ್ವಾ? ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಹಲವರು ಅದನ್ನು ಹುಡುಕಿದ್ದಾರೆ. ಬೇಕಾದದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿತ್ರಿಸಿಕೊಳ್ಳುವುದೇ ಆ ಮೂರನೆಯದು ಎಂದರು ಲೂಕ್ ಬೋವೆನ್ಸ್. ಅಂದಾಜು ದಿನದಿಂದ ದಿನಕ್ಕೆ ಮೇಲೆ ಕೆಳಗೆ ಆಗುತ್ತಿದ್ದರೂ ಅದಕ್ಕೆ ಅಲುಗಾಡದೆ, ಸಾಧ್ಯತೆ ಗಟ್ಟಿಯಾಗಿದೆ ಎಂಬಂತೆ ನಡೆದುಕೊಳ್ಳುವ ತೀರ್ಮಾನ ಎಂದರು ಫಿಲಿಪ್ ಪೆಟಿಟ್. ಏಡ್ರಿಯನ್ ಮಾರ್ಟಿನ್ ಹೇಳಿದ್ದು ನನಗೆ ಹೆಚ್ಚು ಹಿಡಿಸುತ್ತದೆ: ಐದೇ ಪಾಲು ಇದ್ದರೂ, ಕೆಲಸಕ್ಕೆ ಇಳಿಯಲು ಅಷ್ಟು ಸಾಕು ಎಂದು ಒಪ್ಪಿಕೊಳ್ಳುವುದು. ಮನೆಯಲ್ಲಿ ಕೂತವರು ಅದೇ ಐದನ್ನು ನೋಡಿ, ಇಷ್ಟಕ್ಕೆ ಯಾಕೆ ಎಂದರು. ಲೆಕ್ಕ ಒಂದೇ, ಅದನ್ನು ಕೈಗೆತ್ತಿಕೊಂಡ ರೀತಿ ಬೇರೆ.

ರಾಜಕೀಯಕ್ಕೆ ಬಂದಾಗ ಇದಕ್ಕೆ ಇನ್ನೂ ಒಂದು ವಿಷಯ ಸೇರುತ್ತದೆ. ನಾಳೆ ಮಳೆ ಬರುತ್ತದಾ ಇಲ್ಲವಾ ಎಂಬುದು ನನ್ನ ಭರವಸೆಯನ್ನು ಕೇಳಿ ನಡೆಯುವುದಿಲ್ಲ. ಆದರೆ ಒಂದು ಕಾನೂನು ಹೋಗುತ್ತದಾ ಎಂಬುದು, ಅದು ಹೋಗಬಹುದು ಎಂದು ಎಷ್ಟು ಜನ ನಂಬಿ ಹೊರಗೆ ಬಂದರು ಎಂಬುದರ ಮೇಲೇ ನಿಂತಿದೆ. ಅಂದರೆ ಆ ಐದು ಪಾಲು ಎಲ್ಲೋ ಬರೆದಿಟ್ಟ ಅಂಕಿಯಲ್ಲ, ಅದರೊಳಗೆ ನಾವೂ ಇದ್ದೇವೆ. ರಾಜಕೀಯ ಭರವಸೆಯ ಬಗ್ಗೆ ನಡೆದ ಜಗಳಗಳೆಲ್ಲ, ನನ್ನ ಪ್ರಕಾರ, ಕೊನೆಗೆ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತವೆ: ನಿಮ್ಮ ಭರವಸೆ ನಿಮಗೆ ಮಾಡಲು ಏನಾದರೂ ಕೆಲಸ ಉಳಿಸುತ್ತದಾ, ಇಲ್ಲಾ ಎಲ್ಲವನ್ನೂ ಬೇರೆ ಯಾರಿಗೋ ಒಪ್ಪಿಸಿಬಿಡುತ್ತದಾ?

ಮೆಲೋಸ್ ದ್ವೀಪದಲ್ಲಿ ಶುರುವಾದ ಅನುಮಾನ

ಭರವಸೆಯನ್ನು ಅನುಮಾನದಿಂದ ನೋಡುವ ಪರಂಪರೆ ಬಹಳ ಹಳೆಯದು. ಅದರ ಅತ್ಯಂತ ಕಟುವಾದ ಮಾತು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನಲ್ಲಿ ಸಿಗುತ್ತದೆ. ಕ್ರಿ.ಪೂ. 416ರಲ್ಲಿ ಅಥೆನ್ಸ್‌ನ ಹಡಗುಪಡೆ ಮೆಲೋಸ್ ಎಂಬ ಚಿಕ್ಕ ದ್ವೀಪಕ್ಕೆ ಬಂದಿಳಿಯಿತು. ಶರಣಾಗಿ ಕಪ್ಪ ಕೊಡಿ, ಇಲ್ಲದಿದ್ದರೆ ನಾಶವಾಗುತ್ತೀರಿ ಎಂದಿತು. ಮೆಲೋಸ್‌ನವರು ಹೇಳಿದ್ದಿಷ್ಟು: ಈಗಲೇ ಬಗ್ಗಿದರೆ ಎಲ್ಲ ಮುಗಿಯಿತು, ಎದುರು ನಿಂತರೆ ಭರವಸೆಯಾದರೂ ಉಳಿಯುತ್ತದೆ. ಅದಕ್ಕೆ ಅಥೆನ್ಸ್‌ನವರ ಉತ್ತರ ಹೀಗಿತ್ತು: ಭರವಸೆ ಅಪಾಯದ ಹೊತ್ತಿನಲ್ಲಿ ಸಮಾಧಾನ ಹೇಳುತ್ತದೆ, ನಿಜ. ಕೈಯಲ್ಲಿ ಬಲ ಇರುವವರಿಗೆ ಅದರಿಂದ ನಷ್ಟವಾದರೂ ಸರ್ವನಾಶ ಆಗುವುದಿಲ್ಲ. ಇರುವುದನ್ನೆಲ್ಲ ಅದರ ಮೇಲೆ ಪಣವಿಟ್ಟವರಿಗೆ ಅದರ ನಿಜ ಬಣ್ಣ ಗೊತ್ತಾಗುವುದು ಮುಳುಗಿದ ಮೇಲೆಯೇ.

ಮೆಲೋಸ್ ದೇವರನ್ನು ನಂಬಿತು, ಅಥೆನ್ಸ್‌ನ ಎದುರಾಳಿ ಸ್ಪಾರ್ಟಾದ ಸಹಾಯವನ್ನು ನಂಬಿತು. ಸ್ಪಾರ್ಟಾ ಬರಲಿಲ್ಲ. ಊರು ಬಿದ್ದಿತು. ಸಿಕ್ಕ ಗಂಡಸರನ್ನು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು.

ಬಹಳ ಜನ ಕತೆಯನ್ನು ಇಲ್ಲಿಗೇ ನಿಲ್ಲಿಸಿ, ನೋಡಿ, ದುರ್ಬಲರಿಗೆ ಭರವಸೆ ವಿಷ ಎನ್ನುತ್ತಾರೆ. ಆದರೆ ಥುಸಿಡಿಡೀಸ್ ಇದಾದ ತಕ್ಷಣ ಬರೆಯುವುದು ಸಿಸಿಲಿ ದಂಡಯಾತ್ರೆಯ ಕತೆಯನ್ನು. ಭರವಸೆಯನ್ನು ಹೀಗಳೆದ ಅದೇ ಅಥೆನ್ಸ್ ಮರುವರ್ಷ, ದೂರದ ದ್ವೀಪವೊಂದನ್ನು ಗೆದ್ದೇ ಗೆಲ್ಲುತ್ತೇವೆ ಎಂಬ ಉಮೇದಿನಲ್ಲಿ ಹಡಗು ಹತ್ತಿತು, ಕ್ರಿ.ಪೂ. 413ರಲ್ಲಿ ಆ ಇಡೀ ಪಡೆ ನಾಶವಾಯಿತು. ಹಾಗಾಗಿ ಪಾಠ ದುರ್ಬಲರಿಗೆ ಮಾತ್ರ ಸೇರಿದ್ದಲ್ಲ. ಮೆಲೋಸ್ ತನ್ನ ಕೈಯಲ್ಲಿಲ್ಲದ ಸ್ಪಾರ್ಟಾವನ್ನು ನಂಬಿತ್ತು. ಅಥೆನ್ಸ್ ತನ್ನ ಬಲಕ್ಕೆ ಮಿತಿಯೇ ಇಲ್ಲ ಎಂದುಕೊಂಡಿತ್ತು. ಎರಡೂ ಕಡೆ ಕೊರತೆ ಇದ್ದದ್ದು ಒಂದೇ: ನಮ್ಮ ಕೈಲಿ ಆಗುವುದೆಷ್ಟು, ಆಗದ್ದೆಷ್ಟು ಎಂಬ ಸ್ಪಷ್ಟ ನೋಟ.

ಹದಿನೇಳನೇ ಶತಮಾನದ ಡಚ್ ತತ್ವಜ್ಞಾನಿ ಸ್ಪಿನೋಜಾ ಈ ಅನುಮಾನಕ್ಕೆ ಒಂದು ಆಳವಾದ ಕಾರಣ ಕೊಟ್ಟ. ಭರವಸೆ ಅಂದರೆ ಅಲುಗಾಡುವ ಸಂತೋಷ, ಭಯ ಅಂದರೆ ಅಲುಗಾಡುವ ದುಃಖ, ಎರಡೂ ಹುಟ್ಟುವುದು ಮುಂದೇನು ಎಂಬುದು ಖಚಿತ ಇಲ್ಲದಿರುವುದರಿಂದ. ಹಾಗಾಗಿ ಭಯವಿಲ್ಲದ ಭರವಸೆ ಇಲ್ಲ, ಭರವಸೆಯಿಲ್ಲದ ಭಯವೂ ಇಲ್ಲ. ಈ ಎರಡರ ನಡುವೆ ತೂಗಾಡುವ ಜನರನ್ನು ಮೂಢನಂಬಿಕೆ ಸುಲಭವಾಗಿ ಹಿಡಿಯುತ್ತದೆ, ಅಂಥವರನ್ನು ಆಳುವುದೂ ಸುಲಭ ಎಂದು 1670ರಲ್ಲಿ ಪ್ರಕಟಿಸಿದ. ಒಂದು ಕೈಯಲ್ಲಿ ಶತ್ರುವಿನ ಭಯ, ಇನ್ನೊಂದು ಕೈಯಲ್ಲಿ ಒಳ್ಳೆಯ ದಿನಗಳ ಆಸೆ ತೋರಿಸುವ ನಾಯಕರನ್ನು ನೋಡಿದಾಗಲೆಲ್ಲ ನನಗೆ ಸ್ಪಿನೋಜಾ ನೆನಪಾಗುತ್ತಾನೆ. ಆದರೆ ಅವನೇ ಸಾಯುವ ಮುಂಚೆ ಬರೆಯುತ್ತಿದ್ದ, ಮುಗಿಸಲಾಗದ ಪುಸ್ತಕದಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ಸ್ವತಂತ್ರ ಜನಸಮೂಹವನ್ನು ಭಯಕ್ಕಿಂತ ಜಾಸ್ತಿ ಭರವಸೆ ನಡೆಸುತ್ತದೆ, ಸೋತು ಅಡಿಯಾಳಾದ ಸಮೂಹವನ್ನು ಭರವಸೆಗಿಂತ ಜಾಸ್ತಿ ಭಯ ನಡೆಸುತ್ತದೆ. ಮೊದಲನೆಯವರು ಬದುಕನ್ನು ಕಟ್ಟಿಕೊಳ್ಳಲು ನೋಡುತ್ತಾರೆ, ಎರಡನೆಯವರು ಸಾವನ್ನು ತಪ್ಪಿಸಿಕೊಳ್ಳಲು ಮಾತ್ರ.

ಭಾವನೆಯ ಒಳಗೆ ಒಂದು ತೀರ್ಪು ಇರುತ್ತದೆ

ಭಾವನೆ ಬೇರೆ, ಬುದ್ಧಿ ಬೇರೆ, ರಾಜಕೀಯದಲ್ಲಿ ಬುದ್ಧಿ ಮಾತ್ರ ಇರಬೇಕು ಎಂದು ಹೇಳುವವರು ಈಗಲೂ ಇದ್ದಾರೆ. ಅರಿಸ್ಟಾಟಲ್ ಭಾಷಣಕಲೆಯ ಬಗ್ಗೆ ಬರೆಯುವಾಗಲೇ ಇದಕ್ಕಿಂತ ಮುಂದೆ ಹೋಗಿದ್ದ. ಅವನ ಪ್ರಕಾರ ಸಿಟ್ಟು ಸುಮ್ನೆ ರಕ್ತ ಕುದಿಯುವುದಲ್ಲ. ನನ್ನನ್ನು ಯಾರೋ ಕೀಳಾಗಿ ಕಂಡರು, ಹಾಗೆ ಕಾಣಲು ಅವರಿಗೆ ಹಕ್ಕಿರಲಿಲ್ಲ ಎಂಬ ಅಭಿಪ್ರಾಯ ಅದರೊಳಗೆ ಇದೆ. ಆ ಅಭಿಪ್ರಾಯ ಸರಿ ಇರಬಹುದು, ತಪ್ಪಿರಬಹುದು. ಹಾಗಾಗಿ ಸಿಟ್ಟಿನ ಜೊತೆ ವಾದ ಮಾಡಬಹುದು. ಭಯದ ಬಗ್ಗೆ ಅವನು ಹೇಳಿದ್ದು ಇನ್ನೂ ಚೆನ್ನಾಗಿದೆ. ಭಯ ನಮ್ಮನ್ನು ಯೋಚನೆಗೆ ಹಚ್ಚುತ್ತದೆ, ಆದರೆ ಅದಕ್ಕೆ ಪಾರಾಗುವ ಸ್ವಲ್ಪವಾದರೂ ಭರವಸೆ ಉಳಿದಿರಬೇಕು, ಯಾಕೆಂದರೆ ಕೈಮೀರಿದ ವಿಷಯದ ಬಗ್ಗೆ ಯಾರೂ ಕೂತು ಆಲೋಚನೆ ಮಾಡುವುದಿಲ್ಲ. ಹತಾಶೆಯ ದೊಡ್ಡ ಅಪಾಯ ಇಲ್ಲಿದೆ. ಅದು ದುಃಖ ಕೊಡುವುದು ಹಾಗಿರಲಿ, ಯೋಚನೆಯನ್ನೇ ನಿಲ್ಲಿಸಿಬಿಡುತ್ತದೆ.

ಈ ಎಳೆಯನ್ನು ಹಿಡಿದರೆ ಒಂದು ಹಳೆಯ ಒಗಟು ಬಿಡಿಸಿಕೊಳ್ಳುತ್ತದೆ. ಜನ ದಂಗೆ ಏಳುವುದು ಕಷ್ಟ ಅತಿ ಹೆಚ್ಚಾದಾಗ ಎಂದು ನಾವು ಅಂದುಕೊಳ್ಳುತ್ತೇವೆ. ಫ್ರಾನ್ಸಿನ ಅಲೆಕ್ಸಿ ದ ಟೋಕ್ವಿಲ್ 1856ರಲ್ಲಿ ತನ್ನ ದೇಶದ ಕ್ರಾಂತಿಯನ್ನು ಹಿಂತಿರುಗಿ ನೋಡಿ, ಹಾಗಲ್ಲ ಎಂದ. ತಪ್ಪಿಸಿಕೊಳ್ಳಲಾಗದು ಎನ್ನಿಸಿದ ಕಷ್ಟವನ್ನು ಜನ ಹಲ್ಲು ಕಚ್ಚಿ ಸಹಿಸುತ್ತಾರೆ. ಇದರಿಂದ ಹೊರಬರಬಹುದು ಎಂಬ ಯೋಚನೆ ಒಮ್ಮೆ ಹೊಳೆದರೆ ಸಾಕು, ಅದೇ ಕಷ್ಟ ಸಹಿಸಲಾಗದ್ದಾಗುತ್ತದೆ. ಹೊರೆ ಕಡಿಮೆಯಾಗಿರಬಹುದು, ಆದರೆ ಅದನ್ನು ಅಳೆಯುವ ಕಣ್ಣು ಬದಲಾಗಿರುತ್ತದೆ.

1831ರ ಡಿಸೆಂಬರ್‌ನಲ್ಲಿ ಜಮೈಕಾದಲ್ಲಿ ಇದು ಹೇಗೆ ಆಯಿತು ನೋಡಿ. ಆಗ ಅದು ಬ್ರಿಟನ್ನಿನ ವಸಾಹತು, ಕಬ್ಬಿನ ತೋಟಗಳಲ್ಲಿ ಲಕ್ಷಾಂತರ ಗುಲಾಮರು. ಲಂಡನ್ನಿನಲ್ಲಿ ರಾಜ ಈಗಾಗಲೇ ಬಿಡುಗಡೆ ಕೊಟ್ಟಾಗಿದೆ, ಇಲ್ಲಿನ ಒಡೆಯರು ಅದನ್ನು ಮುಚ್ಚಿಟ್ಟಿದ್ದಾರೆ ಎಂಬ ಸುದ್ದಿ ತೋಟದಿಂದ ತೋಟಕ್ಕೆ ಹಬ್ಬಿತು. ಸುದ್ದಿ ನಿಜವಲ್ಲ. ಆದರೆ ಲಂಡನ್ನಿನಲ್ಲಿ ಆ ಬಗ್ಗೆ ಚರ್ಚೆ ನಡೆಯುತ್ತಿದ್ದದ್ದು ನಿಜ. ಸ್ವತಃ ಗುಲಾಮನಾಗಿದ್ದ, ಬ್ಯಾಪ್ಟಿಸ್ಟ್ ಧರ್ಮಬೋಧಕ ಸ್ಯಾಮ್ಯುಯೆಲ್ ಶಾರ್ಪ್ ಕ್ರಿಸ್‌ಮಸ್ ನಂತರ ಕೂಲಿ ಕೊಡದೆ ಕೆಲಸ ಇಲ್ಲ ಎಂಬ ಮುಷ್ಕರ ಸಂಘಟಿಸಿದ. ಅದು ಬಂಡಾಯವಾಗಿ ಹತ್ತಾರು ಸಾವಿರ ಜನರನ್ನು ಸೇರಿಸಿಕೊಂಡಿತು. ಸೈನ್ಯ ಅದನ್ನು ತುಳಿದು ಹಾಕಿತು. ಮುನ್ನೂರಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಆಯಿತು, 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನೂ ಗಲ್ಲಿಗೇರಿಸಿದರು. ಸುಳ್ಳು ಸುದ್ದಿಯ ಮೇಲೆ ನಿಂತ ಭರವಸೆ ಎಂದು ಇದನ್ನು ತಳ್ಳಿಹಾಕಬಹುದಾ? ನನಗೆ ಹಾಗನ್ನಿಸುವುದಿಲ್ಲ. ಮೆಲೋಸ್‌ನವರು ಸ್ಪಾರ್ಟಾ ಬಂದು ಬಿಡಿಸಲಿ ಎಂದು ಕಾದರು. ಇವರು ರಾಜನ ಹೆಸರನ್ನು ಹಿಡಿದುಕೊಂಡು ತಾವೇ ಕೆಲಸ ನಿಲ್ಲಿಸಿದರು. ಈ ಬಂಡಾಯ ಬ್ರಿಟನ್ನಿನಲ್ಲಿ ಎಬ್ಬಿಸಿದ ಗದ್ದಲ, 1833ರಲ್ಲಿ ಗುಲಾಮಗಿರಿ ರದ್ದತಿ ಕಾನೂನು ಬೇಗ ಬರಲು ಒಂದು ಕಾರಣ ಎಂದು ಇತಿಹಾಸಕಾರರು ಬರೆದಿದ್ದಾರೆ.

ಭರವಸೆ, ಭಯ, ಸಿಟ್ಟು ಮಾತ್ರ ಅಲ್ಲ, ನಾಚಿಕೆಗೂ ಇಲ್ಲಿ ಜಾಗ ಇದೆ. ತರುಣ ಮಾರ್ಕ್ಸ್ 1843ರಲ್ಲಿ ಗೆಳೆಯ ಆರ್ನೋಲ್ಡ್ ರೂಗೆಗೆ ಬರೆದ ಪತ್ರದಲ್ಲಿ, ನಾಚಿಕೆ ಅಂದರೆ ಒಳಕ್ಕೆ ತಿರುಗಿದ ಸಿಟ್ಟು, ಒಂದು ಇಡೀ ದೇಶ ನಿಜವಾಗಿ ನಾಚಿಕೊಂಡರೆ ಅದು ನೆಗೆಯುವ ಮುಂಚೆ ಹಿಂದೆ ಸರಿದ ಸಿಂಹದ ಹಾಗೆ ಎಂದಿದ್ದಾನೆ. ಒಡೆಯರ ನಾಚಿಕೆ ಮತ್ತು ಆಳಿನ ನಾಚಿಕೆ ಒಂದೇ ಅಲ್ಲ ಎಂಬುದನ್ನು ಮಾತ್ರ ಅವನು ಅಲ್ಲಿ ಬಿಡಿಸಿ ಹೇಳಲಿಲ್ಲ. ಅದಕ್ಕೆ ಅಂಬೇಡ್ಕರ್ ಅವರನ್ನು ಓದಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಅಸಮಾನತೆಯಲ್ಲಿ ಮೇಲೇರಿದಂತೆ ಗೌರವ ಹೆಚ್ಚುತ್ತದೆ, ಕೆಳಗಿಳಿದಂತೆ ತಿರಸ್ಕಾರ ಹೆಚ್ಚುತ್ತದೆ ಎಂದು ಅವರು ತೋರಿಸಿದರು. ತೀರಾ ಕೆಳಗಿನವರನ್ನು ಬಿಟ್ಟರೆ ಪ್ರತಿಯೊಬ್ಬರಿಗೂ ಕೆಳಗೆ ನೋಡಲು ಇನ್ನೊಬ್ಬರು ಇರುತ್ತಾರೆ. ಹಾಗಾಗಿ ಎಲ್ಲರಲ್ಲೂ ಅಸಮಾಧಾನ ಇದ್ದರೂ ಅದು ಎಲ್ಲರ ಸಿಟ್ಟಾಗಿ ಒಂದುಗೂಡುವುದಿಲ್ಲ. ಸ್ವಾಭಿಮಾನವನ್ನು ಅವರು ರಾಜಕೀಯದ ಮೊದಲ ಕೆಲಸ ಎಂದು ಹಿಡಿದದ್ದಕ್ಕೆ ಇದು ಕಾರಣ. ಕೀಳಾಗಿ ಕಾಣುವುದು ಸಹಜ ಎಂದು ನಾನೇ ಒಪ್ಪಿಕೊಂಡಿದ್ದರೆ ಅರಿಸ್ಟಾಟಲ್ ಹೇಳಿದ ಸಿಟ್ಟು ನನ್ನಲ್ಲಿ ಹುಟ್ಟುವುದೇ ಇಲ್ಲ.

ಇನ್ನೂ ಆಗದೇ ಇರುವುದು

ಹದಿನೆಂಟನೇ ಶತಮಾನದಲ್ಲಿ ಭರವಸೆಗೆ ಹೊಸ ಗೌರವ ಬಂತು. ನಾನು ಏನನ್ನು ತಿಳಿಯಬಲ್ಲೆ, ಏನು ಮಾಡಬೇಕು ಎಂಬ ಪ್ರಶ್ನೆಗಳ ಪಕ್ಕದಲ್ಲೇ, ಏನನ್ನು ಆಶಿಸಬಹುದು ಎಂಬ ಪ್ರಶ್ನೆಯನ್ನು ಜರ್ಮನ್ ತತ್ವಜ್ಞಾನಿ ಕಾಂಟ್ ಇಟ್ಟ. ಅವನು ಕೊಟ್ಟ ಒಂದು ಉದಾಹರಣೆ ನನಗೆ ಬಹಳ ಇಷ್ಟ. 1798ರಲ್ಲಿ, ಫ್ರೆಂಚ್ ಕ್ರಾಂತಿ ರಕ್ತಪಾತದಲ್ಲಿ ಮಿಂದು ಆಗಿದ್ದ ಹೊತ್ತಿನಲ್ಲಿ, ಅವನು ಕ್ರಾಂತಿ ಮಾಡಿದವರನ್ನು ಬಿಟ್ಟು ದೂರದಿಂದ ನೋಡುತ್ತಿದ್ದವರ ಕಡೆ ಕಣ್ಣು ಹೊರಳಿಸಿದ. ಬೇರೆ ದೇಶಗಳಲ್ಲಿ ಕೂತು, ತಮಗೆ ಯಾವ ಲಾಭವೂ ಇಲ್ಲದೆ, ಹೇಳಿಕೊಂಡರೆ ಅಪಾಯ ಇದ್ದರೂ, ಆ ಜನರ ಬಗ್ಗೆ ಎದೆ ತುಂಬಿ ಬಂದವರಿದ್ದರಲ್ಲ, ಆ ಭಾವನೆಯೇ ಮನುಷ್ಯರಲ್ಲಿ ಒಳ್ಳೆಯದರ ಕಡೆ ವಾಲುವ ಗುಣವೊಂದು ಇದೆ ಎಂಬುದಕ್ಕೆ ಗುರುತು ಎಂದ. ಕ್ರಾಂತಿ ಸೋಲಬಹುದು, ಆದರೆ ಹೀಗೆ ಅನ್ನಿಸಿದ್ದನ್ನು ಚರಿತ್ರೆ ಮರೆಯುವುದಿಲ್ಲ. ಇಲ್ಲಿ ಭಾವನೆ ಒಂದು ಸಾಕ್ಷಿ.

ಇಪ್ಪತ್ತನೇ ಶತಮಾನದಲ್ಲಿ ಭರವಸೆಯನ್ನು ಎಲ್ಲಕ್ಕಿಂತ ಎತ್ತರಕ್ಕೆ ಏರಿಸಿದವನು ಎರ್ನ್ಸ್ಟ್ ಬ್ಲೋಖ್. ಜರ್ಮನಿಯ ಯಹೂದಿ, ಮಾರ್ಕ್ಸ್‌ವಾದಿ, ನಾಜಿಗಳಿಂದ ತಪ್ಪಿಸಿಕೊಂಡು ಕೊನೆಗೆ ಅಮೆರಿಕ ಸೇರಿ ಅಲ್ಲಿ ಬರೆದ ಅವನ ದೊಡ್ಡ ಕೃತಿ 1954ರಿಂದ 1959ರ ನಡುವೆ ಮೂರು ಸಂಪುಟಗಳಲ್ಲಿ ಬಂತು. ಲೋಕ ಇನ್ನೂ ಮುಗಿದಿಲ್ಲ ಎಂಬುದು ಅವನ ಮೂಲ ಯೋಚನೆ. ಈಗ ಇರುವುದರ ಒಳಗೇ ಇನ್ನೂ ಆಗದೇ ಇರುವುದು ಕೂಡ ಇದೆ, ಹಗಲುಗನಸಿನಲ್ಲಿ, ಹಾಡಿನಲ್ಲಿ, ಕತೆಯಲ್ಲಿ ಅದು ಇಣುಕುತ್ತಿರುತ್ತದೆ. ಆದರೆ ಎಲ್ಲ ಕನಸೂ ಒಂದೇ ಅಲ್ಲ. ಬರಿ ಆಸೆಯ ಕನಸು ಒಂದು, ಈಗಿನ ಪರಿಸ್ಥಿತಿಯಲ್ಲಿ ಯಾವ ದಾರಿ ನಿಜವಾಗಿ ತೆರೆದಿದೆ ಎಂದು ಓದಿ ತಿಳಿದುಕೊಂಡ ಕನಸು ಇನ್ನೊಂದು. ಭರವಸೆಯೂ ಕಲಿಯಬೇಕಾದ ವಿಷಯ ಎಂದ ಬ್ಲೋಖ್. 1961ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ತನ್ನ ಮೊದಲ ಉಪನ್ಯಾಸಕ್ಕೆ ಅವನು ಎತ್ತಿಕೊಂಡ ಪ್ರಶ್ನೆ, ಭರವಸೆಗೆ ನಿರಾಸೆ ಆಗಬಹುದಾ ಎಂಬುದು. ಆಗಬಹುದು, ಆಗಲೇಬೇಕು, ನಿರಾಸೆಯಾಗುವ ಸಾಧ್ಯತೆಯೇ ಇಲ್ಲದಿದ್ದರೆ ಅದು ಭರವಸೆಯೇ ಅಲ್ಲ ಎಂಬುದು ಉತ್ತರ. ಖಾತ್ರಿ ಇರುವ ಕಡೆ ಭರವಸೆಗೆ ಕೆಲಸ ಇಲ್ಲ.

ಇದೇ ಬ್ಲೋಖ್ 1930ರ ದಶಕದಲ್ಲಿ ಸ್ಟಾಲಿನ್ ತನ್ನ ವಿರೋಧಿಗಳನ್ನು ಮುಗಿಸಲು ನಡೆಸಿದ ಮಾಸ್ಕೋ ವಿಚಾರಣೆಗಳನ್ನು ಸಮರ್ಥಿಸಿ ಬರೆದವನು. ಭರವಸೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಮನುಷ್ಯ ತನ್ನದನ್ನು ಒಂದು ಪ್ರಭುತ್ವದ ಕೈಗೆ ಕೊಟ್ಟುಬಿಟ್ಟಿದ್ದ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಆದರೆ ಮುಚ್ಚಿಡಲಾಗದು. ತತ್ವಜ್ಞಾನಿ ಹಾನ್ಸ್ ಯೋನಾಸ್ 1979ರಲ್ಲಿ ಬ್ಲೋಖ್‌ಗೆ ನೇರ ಉತ್ತರವಾಗಿ ಬರೆದದ್ದು ಭಯದ ಪರವಾಗಿ. ಇಡೀ ಭೂಮಿಯನ್ನೇ ಕೆಡಿಸುವ ಶಕ್ತಿ ಮನುಷ್ಯನ ಕೈಗೆ ಬಂದಿರುವಾಗ ದೊಡ್ಡ ಕನಸುಗಳಿಗಿಂತ, ಏನನ್ನು ಕಳೆದುಕೊಳ್ಳುತ್ತೇವೆ ಎಂಬ ಭಯ ಒಳ್ಳೆಯ ಗುರು ಎಂದ. 2019ರಲ್ಲಿ ದಾವೋಸ್‌ನಲ್ಲಿ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್, ನೀವು ಭರವಸೆ ಇಟ್ಟುಕೊಳ್ಳುವುದು ನನಗೆ ಬೇಡ, ನೀವು ಗಾಬರಿಯಾಗಬೇಕು ಎಂದು ಹೇಳಿದ್ದರಲ್ಲೂ ಇದೇ ದನಿ ಇದೆ. ಆದರೆ ಅವರು ಗಾಬರಿ ಬೇಕು ಎಂದದ್ದು, ಬೆಂಕಿ ಬಿದ್ದ ಮನೆಯವರ ಹಾಗೆ ಎದ್ದು ಏನಾದರೂ ಮಾಡಲಿ ಎಂದು. ಅರಿಸ್ಟಾಟಲ್ ಹೇಳಿದ, ಯೋಚನೆಗೆ ಹಚ್ಚುವ ಭಯ ಅದು.

ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ದಿಕ್ಕನ್ನೇ ತಿರುಗಿಸಿದ. 1940ರಲ್ಲಿ, ಸಾಯುವುದಕ್ಕೆ ಕೆಲವೇ ತಿಂಗಳ ಮುಂಚೆ, ದುಡಿಯುವ ಜನರಿಗೆ ಹೋರಾಡುವ ಕಸುವು ಬರುವುದು ಬಿಡುಗಡೆಯಾದ ಮೊಮ್ಮಕ್ಕಳ ಚಿತ್ರದಿಂದಲ್ಲ, ಗುಲಾಮರಾಗಿದ್ದ ಹಿರಿಯರ ಚಿತ್ರದಿಂದ ಎಂದು ಬರೆದ. ಪ್ರಗತಿ ತಾನೇ ಬರುತ್ತದೆ ಎಂಬ ನಂಬಿಕೆ ತನ್ನ ಕಾಲದ ಚಳವಳಿಯನ್ನು ಮಲಗಿಸಿತು ಎಂಬುದು ಅವನ ಸಿಟ್ಟು. ಚರಿತ್ರೆ ನಮ್ಮ ಕಡೆ ಇದೆ ಎಂದುಕೊಂಡವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಪಕ್ಕದವರು ಬರುತ್ತಾರಾ?

ಬ್ಲೋಖ್ ಅಮೆರಿಕದಿಂದ ಮರಳಿ 1949ರಲ್ಲಿ ಪಾಠ ಹೇಳಲು ಸೇರಿದ್ದು ಪೂರ್ವ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ. ಆಳುವ ಪಕ್ಷಕ್ಕೆ ಅವನ ವಿಚಾರ ಸರಿ ಬರಲಿಲ್ಲ, 1957ರಲ್ಲಿ ಬಲವಂತದ ನಿವೃತ್ತಿ ಕೊಟ್ಟರು. ಅವನು ಸತ್ತು ಹನ್ನೆರಡು ವರ್ಷಗಳ ನಂತರ ಅದೇ ಲೈಪ್‌ಜಿಗ್‌ನಲ್ಲಿ ನಡೆದದ್ದು, ಭರವಸೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ.

1989ರ ಸೆಪ್ಟೆಂಬರ್ ಆರಂಭದಲ್ಲಿ, ಸೋಮವಾರದ ಪ್ರಾರ್ಥನೆ ಮುಗಿಸಿ ಸೇಂಟ್ ನಿಕೋಲಸ್ ಚರ್ಚಿನಿಂದ ಹೊರಬಂದು ಪ್ರತಿಭಟಿಸಿದವರು ಸಾವಿರದ ಆಸುಪಾಸು. ಪ್ರತಿ ಸೋಮವಾರ ಜನ ಸೇರುತ್ತಾ ಹೋದರು. ಅಕ್ಟೋಬರ್ 9 ನಿರ್ಣಾಯಕ ದಿನ. ನಾಲ್ಕು ತಿಂಗಳ ಹಿಂದೆಯಷ್ಟೇ ಚೀನಾ ಬೀಜಿಂಗ್‌ನ ತಿಯಾನನ್‌ಮೆನ್‌ನಲ್ಲಿ ಪ್ರತಿಭಟನಾಕಾರರ ಮೇಲೆ ಗುಂಡು ಹಾರಿಸಿತ್ತು, ಪೂರ್ವ ಜರ್ಮನಿಯ ಸರ್ಕಾರ ಅದನ್ನು ಬಹಿರಂಗವಾಗಿ ಬೆಂಬಲಿಸಿತ್ತು. ನಗರದಲ್ಲಿ ಪೊಲೀಸರು, ಶಸ್ತ್ರ ಹಿಡಿದ ಪಡೆಗಳು ತಯಾರಾಗಿ ನಿಂತಿದ್ದವು. ಅಂದು ಸುಮಾರು 70,000 ಜನ ಬೀದಿಗಿಳಿದರು. ಅಷ್ಟು ಜನ ಬರುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಗುಂಡು ಹಾರಲಿಲ್ಲ. ಮುಂದಿನ ಸೋಮವಾರ ಒಂದು ಲಕ್ಷ ದಾಟಿತು. ಒಂದು ತಿಂಗಳಿಗೆ ಸರಿಯಾಗಿ, ನವೆಂಬರ್ 9ರಂದು, ಬರ್ಲಿನ್ ಗೋಡೆ ತೆರೆಯಿತು.

ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಡುವೆ ಜನರ ಆಸೆ ಬದಲಾಯಿತಾ? ಇಲ್ಲ, ಬಹುತೇಕರಿಗೆ ಆ ಆಸೆ ವರ್ಷಗಳಿಂದ ಇತ್ತು. ತಿಮುರ್ ಕುರಾನ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ವಿವರಿಸಿದ ಬಗೆ ಹೀಗೆ. ದಬ್ಬಾಳಿಕೆಯ ಕೆಳಗೆ ಜನ ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಹೊರಗೆ ಇನ್ನೊಂದು ಹೇಳುತ್ತಾರೆ. ಎಲ್ಲರೂ ಹಾಗೆ ಮಾಡುವುದರಿಂದ, ಬೇರೆಯವರೆಲ್ಲ ನಿಜವಾಗಿ ಒಪ್ಪಿದ್ದಾರೆ ಎಂದು ಪ್ರತಿಯೊಬ್ಬರೂ ತಿಳಿಯುತ್ತಾರೆ. ಎಷ್ಟು ಜನ ಮೊದಲು ಬಂದರೆ ನಾನು ಬರುತ್ತೇನೆ ಎಂಬ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಹತ್ತು ಜನ ಬಂದರೆ ಸಾಕು ಎನ್ನುವವರು ಬಂದಾಗ, ನೂರು ಬೇಕು ಎನ್ನುವವರ ಮಿತಿ ಹತ್ತಿರ ಬರುತ್ತದೆ, ಅವರು ಬಂದಾಗ ಸಾವಿರದವರದ್ದು. ಇಲ್ಲಿ ಭಯ ಮತ್ತು ಭರವಸೆ ಎರಡೂ ಪಕ್ಕದವರ ಬಗ್ಗೆ ನಾನು ಮಾಡುವ ಊಹೆಗಳು. ಸ್ಪಿನೋಜಾ ಇವೆರಡನ್ನು ಅವಳಿ ಎಂದದ್ದು ಬೀದಿಯಲ್ಲಿ ಕಣ್ಣಿಗೇ ಕಾಣುತ್ತದೆ: ಪಕ್ಕದವರು ಮನೆಯಲ್ಲಿ ಉಳಿದರೆ ಭಯ, ಹೊರಬಂದರೆ ಭರವಸೆ.

ಆದರೆ ಈ ವಿವರಣೆಗೆ ಒಂದು ಜಾಗದಲ್ಲಿ ಉತ್ತರ ಇಲ್ಲ. ಯಾರೂ ಬಾರದಿದ್ದಾಗಲೂ ಬರುವ ಮೊದಲಿಗರು ಯಾಕೆ ಬರುತ್ತಾರೆ? ಜೆಕ್ ನಾಟಕಕಾರ ವಾತ್ಸ್ಲಾವ್ ಹಾವೆಲ್ ಜೈಲು ಕಂಡವರು, 1989ರ ಕೊನೆಗೆ ದೇಶದ ಅಧ್ಯಕ್ಷರಾದರು. ಗೆಲುವಿನ ಯಾವ ಸೂಚನೆಯೂ ಇಲ್ಲದ ದಿನಗಳಲ್ಲಿ ಅವರು ಹೇಳಿದ್ದು, ಭರವಸೆ ಎಲ್ಲ ಚೆನ್ನಾಗಿ ಮುಗಿಯುತ್ತದೆ ಎಂಬ ನಂಬಿಕೆಯಲ್ಲ, ಹೇಗೆ ಮುಗಿದರೂ ಈ ಕೆಲಸಕ್ಕೆ ಅರ್ಥ ಇದೆ ಎಂಬ ಖಾತ್ರಿ ಎಂದು. ಮೊದಲಿಗರ ವಿಷಯದಲ್ಲಿ ಇದು ನಿಜ. ಆದರೆ ಅಕ್ಟೋಬರ್ 9ರ ಎಪ್ಪತ್ತು ಸಾವಿರ ಜನರೂ ಹಾವೆಲ್ ಆಗಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಜೊತೆ. ವಿಕ್ಟೋರಿಯಾ ಮೆಕ್‌ಗೀರ್ ಹೇಳುವ ಹಾಗೆ, ಚೆನ್ನಾಗಿ ಭರವಸೆ ಇಟ್ಟುಕೊಳ್ಳುವುದು ಒಬ್ಬರೇ ಮಾಡುವ ಕೆಲಸವಲ್ಲ, ಒಬ್ಬರ ಭರವಸೆಯನ್ನು ಇನ್ನೊಬ್ಬರು ಹಿಡಿದು ನಿಲ್ಲಿಸಬೇಕು. ಮೊದಲು ಹೇಳಿದ ಇಬ್ಬರಲ್ಲಿ ಮನೆಯಲ್ಲಿ ಉಳಿದವರನ್ನು ಯಾರಾದರೂ ಕರೆಯಲು ಬಂದಿದ್ದರಾ ಎಂದು ಕೇಳುವುದನ್ನು ನಾವು ಮರೆಯುತ್ತೇವೆ.

ಸಿಟ್ಟು ಬೇಕಾ? ಕನಿಕರ ಸಾಕಾ?

ಈಗಿನ ತತ್ವಶಾಸ್ತ್ರದಲ್ಲಿ ಬಿಸಿ ಚರ್ಚೆ ನಡೆಯುತ್ತಿರುವುದು ಸಿಟ್ಟಿನ ಬಗ್ಗೆ. ಸಿಟ್ಟಿನೊಳಗೆ ಸೇಡಿನ ಆಸೆ ಇರುತ್ತದೆ, ಸೇಡು ಕಳೆದುಕೊಂಡದ್ದನ್ನು ಮರಳಿ ಕೊಡುವುದಿಲ್ಲ, ಹಾಗಾಗಿ ಗಾಂಧಿ, ಮಾರ್ಟಿನ್ ಲೂಥರ್ ಕಿಂಗ್, ಮಂಡೇಲಾ ಮಾಡಿದ ಹಾಗೆ ಅದನ್ನು ಬೇಗ ಮುಂದಿನ ಕೆಲಸದ ಕಡೆ ತಿರುಗಿಸಬೇಕು ಎನ್ನುತ್ತಾರೆ ಮಾರ್ಥಾ ನುಸ್ಬಾಮ್. ಅಮಿಯಾ ಶ್ರೀನಿವಾಸನ್ 2018ರಲ್ಲಿ ಇದಕ್ಕೆ ಎದುರು ವಾದ ಇಟ್ಟರು. ಸಿಟ್ಟಿನಿಂದ ಉಪಯೋಗ ಇದೆಯಾ ಎಂಬ ಒಂದೇ ಪ್ರಶ್ನೆ ಕೇಳಿದರೆ, ಅದು ಸರಿಯಾದ ಸಿಟ್ಟಾ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಅನ್ಯಾಯಕ್ಕೆ ಸಿಟ್ಟಾಗುವುದು ಅನ್ಯಾಯವನ್ನು ಅನ್ಯಾಯ ಎಂದು ಗುರುತಿಸುವ ದಾರಿ. ಸಿಟ್ಟು ತೋರಿಸಿದರೆ ನಿಮಗೇ ನಷ್ಟ, ಸುಮ್ನಿರಿ ಎಂದು ತುಳಿತಕ್ಕೆ ಒಳಗಾದವರಿಗೆ ಹೇಳುವುದು ಅವರ ಮೇಲೆ ಇನ್ನೊಂದು ಅನ್ಯಾಯ ಹೇರಿದ ಹಾಗೆ. ಕವಿ ಆಡ್ರಿ ಲಾರ್ಡ್ 1981ರಲ್ಲೇ, ಸಿಟ್ಟಿನಲ್ಲಿ ಮಾಹಿತಿ ಇದೆ, ಶಕ್ತಿ ಇದೆ ಎಂದಿದ್ದರು. ನಾನು ಶ್ರೀನಿವಾಸನ್ ಕಡೆ ವಾಲುತ್ತೇನೆ. ಕಿಂಗ್ ಅವರನ್ನು ಸಿಟ್ಟಿಲ್ಲದವರು ಎಂದು ಓದುವುದೇ ಕಷ್ಟ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಅವರು, ಕಾಯಿರಿ ಎಂಬ ಮಾತಿಗೆ ಹೆಚ್ಚುಕಡಿಮೆ ಯಾವಾಗಲೂ ಇದ್ದ ಅರ್ಥ ಎಂದಿಗೂ ಇಲ್ಲ ಎಂಬುದೇ ಎಂದರು. ಕಾಲ ತಾನಾಗಿ ಎಲ್ಲವನ್ನೂ ಸರಿಮಾಡುತ್ತದೆ ಎಂಬ ಭರವಸೆಯ ಮೇಲಿನ ಸಿಟ್ಟು ಅದು.

ಕನಿಕರದ ಬಗ್ಗೆ ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1963ರಲ್ಲಿ ಕೊಟ್ಟ ಎಚ್ಚರಿಕೆಯೂ ಗಟ್ಟಿಯಾದದ್ದು. ಎದುರಿಗಿರುವ ಒಬ್ಬರ ನೋವಿಗೆ ಮಿಡಿಯುವುದು ಬೇರೆ, ಮುಖವಿಲ್ಲದ ಲಕ್ಷಾಂತರ ಜನರ ಬಗ್ಗೆ ಕನಿಕರ ಬೆಳೆಸಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಮಿತಿಯಿಲ್ಲ, ಫ್ರೆಂಚ್ ಕ್ರಾಂತಿಯ ನಾಯಕ ರೋಬ್‌ಸ್ಪಿಯರ್ ಬಡವರ ಮೇಲಿನ ಕನಿಕರದ ಹೆಸರಿನಲ್ಲೇ ಕ್ರೌರ್ಯಕ್ಕೆ ಇಳಿದ ಎಂದರು ಅವರು. ಕನಿಕರಕ್ಕೆ ಇನ್ನೊಂದು ದೋಷವೂ ಇದೆ ಎಂದು ನನಗನ್ನಿಸುತ್ತದೆ. 1787ರಲ್ಲಿ ಬ್ರಿಟನ್ನಿನ ಗುಲಾಮಗಿರಿ ವಿರೋಧಿ ಚಳವಳಿಗಾಗಿ ಪಿಂಗಾಣಿ ಉದ್ಯಮಿ ಜೊಸಾಯಾ ವೆಜ್‌ವುಡ್ ಒಂದು ಪದಕ ಮಾಡಿಸಿದ. ಸರಪಳಿ ತೊಟ್ಟ ಕಪ್ಪು ಮನುಷ್ಯ ಮೊಣಕಾಲೂರಿ, ಕೈ ಜೋಡಿಸಿ, ನಾನು ಮನುಷ್ಯನಲ್ಲವೇ, ಸಹೋದರನಲ್ಲವೇ ಎಂದು ಕೇಳುವ ಚಿತ್ರ. ಅದು ಸಾವಿರಾರು ಜನರ ಮನಸ್ಸು ಕರಗಿಸಿತು, ಚಳವಳಿಗೆ ಬಲ ತಂದಿತು. ಆದರೆ ಅದರಲ್ಲಿ ಬಿಡುಗಡೆ ಮಾಡುವವನು ನೋಡುಗ, ಗುಲಾಮ ಬೇಡುವವನು. ಸ್ಯಾಮ್ಯುಯೆಲ್ ಶಾರ್ಪ್‌ಗೆ ಆ ಪದಕದಲ್ಲಿ ಜಾಗ ಇಲ್ಲ.

ಭರವಸೆ ಬೇಡ ಎನ್ನುವವರು

ಭರವಸೆಯನ್ನು ಪೂರ್ತಿ ಬಿಡಿ ಎನ್ನುವವರನ್ನೂ ಕೇಳಬೇಕು. ಲೋರೆನ್ ಬರ್ಲಾಂಟ್ 2011ರಲ್ಲಿ ತೋರಿಸಿದ್ದು, ನಾವು ಅಂಟಿಕೊಂಡ ಆಸೆಯೇ ನಮ್ಮ ಬೆಳವಣಿಗೆಗೆ ಅಡ್ಡಿಯಾಗುವ ಪರಿಸ್ಥಿತಿಯನ್ನು: ಕಷ್ಟಪಟ್ಟರೆ ಮೇಲೆ ಬರುತ್ತೇನೆ ಎಂಬ ಆಸೆ, ಮೇಲೆ ಬರಲು ಬಿಡದ ವ್ಯವಸ್ಥೆಗೇ ನಮ್ಮನ್ನು ಕಟ್ಟಿಹಾಕುತ್ತದೆ. ಅಮೆರಿಕದ ಕಾನೂನು ಪಂಡಿತ ಡೆರಿಕ್ ಬೆಲ್ 1992ರಲ್ಲಿ ಇನ್ನೂ ಮುಂದೆ ಹೋಗಿ, ತಮ್ಮ ದೇಶದಲ್ಲಿ ಜನಾಂಗಭೇದ ಎಂದೂ ಹೋಗುವುದಿಲ್ಲ ಎಂದು ಒಪ್ಪಿಕೊಂಡೇ ಅದರ ವಿರುದ್ಧ ಹೋರಾಡಬೇಕು ಎಂದರು. ಗೆಲ್ಲದಿದ್ದರೂ ಎದುರು ನಿಲ್ಲುವುದರಲ್ಲೇ ಘನತೆ ಇದೆ ಎಂಬುದು ಅವರ ನಿಲುವು. ಮೊದಲ ಸಲ ಓದುವವರಿಗೆ ಇದು ಕತ್ತಲೆ ಅನ್ನಿಸಬಹುದು, ಆದರೆ ಹಾವೆಲ್ ಹೇಳಿದ್ದಕ್ಕೂ ಇದಕ್ಕೂ ಇರುವ ದೂರ ಬಹಳ ಕಡಿಮೆ. ಇಬ್ಬರೂ ಫಲಿತಾಂಶದ ಖಾತ್ರಿಯನ್ನು ಬಿಟ್ಟು ಕೆಲಸವನ್ನು ಉಳಿಸಿಕೊಂಡರು.

ಕೇಟಿ ಸ್ಟಾಕ್‌ಡೇಲ್ 2021ರಲ್ಲಿ ಎತ್ತಿದ ಪ್ರಶ್ನೆ ಈ ಎಲ್ಲದಕ್ಕಿಂತ ನೆಲಕ್ಕೆ ಹತ್ತಿರ. ಭರವಸೆ ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿಲ್ಲ. ದಬ್ಬಾಳಿಕೆ ಜನರ ಕೈಯಿಂದ ಜಮೀನು, ಕೂಲಿ, ಜೀವ ಕಿತ್ತುಕೊಳ್ಳುವ ಹಾಗೆ, ಏನನ್ನು ಆಶಿಸಬಹುದು ಎಂಬುದನ್ನೂ ಕುಗ್ಗಿಸುತ್ತದೆ. ಒಬ್ಬರು ಪದವಿಯ ಆಸೆ ಇಟ್ಟುಕೊಳ್ಳುವ ಹೊತ್ತಿನಲ್ಲಿ ಇನ್ನೊಬ್ಬರು ಇವತ್ತು ಹೊಡೆತ ಬೀಳದಿದ್ದರೆ ಸಾಕು ಎಂದು ಆಶಿಸುತ್ತಾರೆ. ಭರವಸೆ ಇಟ್ಟುಕೊಳ್ಳಿ ಎಂದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡದೆ ಆ ಮಾತಿಗೆ ಬೆಲೆ ಕಟ್ಟಲಾಗದು.

ಬ್ರಿಟನ್ನಿನ ಕತೆಗೇ ಮರಳಿದರೆ ಇದು ಕಾಣುತ್ತದೆ. 1787ರ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಜನ ಸೇರಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದರು. 1791ರಲ್ಲಿ ಮಸೂದೆ ಸಂಸತ್ತಿಗೆ ಬಂದಾಗ 163 ಮತಗಳಿಗೆ ಎದುರಾಗಿ 88 ಮತ ಪಡೆದು ಸೋತಿತು. ಆಮೇಲೆ ಲಕ್ಷಾಂತರ ಜನ ಗುಲಾಮರು ಬೆಳೆದ ಸಕ್ಕರೆ ತಿನ್ನುವುದನ್ನು ಬಿಟ್ಟರು, ಮತದ ಹಕ್ಕಿಲ್ಲದ ಹೆಂಗಸರು ಇದರಲ್ಲಿ ಮುಂದಿದ್ದರು. 1792ರಲ್ಲಿ ಸಂಸತ್ತಿಗೆ 519 ಮನವಿಪತ್ರಗಳು ಬಂದವು. ವ್ಯಾಪಾರ ನಿಂತದ್ದು 1807ರಲ್ಲಿ, ಗುಲಾಮಗಿರಿ ರದ್ದಾಗುವ ಕಾನೂನು ಬಂದದ್ದು 1833ರಲ್ಲಿ. ಸಮಿತಿಯ ಹನ್ನೆರಡು ಜನರಲ್ಲಿ ಬಹುತೇಕರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಭರವಸೆ ಈಡೇರಿತು ಎಂದು ಪುಸ್ತಕಗಳು ಬರೆಯುತ್ತವೆ. ಆದರೆ ಆ ಕಾನೂನಿನ ಪ್ರಕಾರ 2 ಕೋಟಿ ಪೌಂಡ್ ಪರಿಹಾರ ಹೋದದ್ದು ಗುಲಾಮರ ಒಡೆಯರಿಗೆ. ಗುಲಾಮರಾಗಿದ್ದವರಿಗೆ ಏನೂ ಸಿಗಲಿಲ್ಲ, ಕೆಲಸ ಕಲಿಯುವವರು ಎಂಬ ಹೆಸರಿನಲ್ಲಿ 1838ರವರೆಗೆ ಅವರಲ್ಲಿ ಹೆಚ್ಚಿನವರು ಅದೇ ತೋಟಗಳಲ್ಲಿ ಸಂಬಳವಿಲ್ಲದೆ ದುಡಿಯಬೇಕಾಯಿತು. ಈಡೇರಿದ ಭರವಸೆಯಲ್ಲೂ ಈಡೇರದ ಒಂದು ಪಾಲು ಉಳಿದುಬಿಡುತ್ತದೆ ಎಂದು ಬ್ಲೋಖ್ ಬರೆದಿದ್ದಾನೆ. ಶಾರ್ಪ್ ಕೇಳಿದ್ದು ಕೂಲಿಯನ್ನು. 2013ರಲ್ಲಿ ಕೆರಿಬಿಯನ್ ದೇಶಗಳ ಸರ್ಕಾರಗಳು ಸೇರಿ ಪರಿಹಾರ ಆಯೋಗ ರಚಿಸಿದವು, ಜಮೈಕಾ ಅದರಲ್ಲಿದೆ, ಅವರು ಕೇಳುತ್ತಿರುವುದು ಆ ಉಳಿದ ಪಾಲನ್ನು.